ಬ್ಯಾಂಕಿನ ಬ್ಯಾಕ್ ಆಫೀಸ್ ಕೆಲಸ ಸಿಕ್ಕಿದೆ. ಸೇರಿದರೆ ಅಲ್ಲೇ ಉಳಿದುಬಿಡುತ್ತೇನಾ?

ಹೊಸಬ:
ಎಲ್ಲರಿಗೂ ನಮಸ್ಕಾರ. ಕಾಮರ್ಸ್ ಪದವಿ ಮುಗಿದು ನಾಲ್ಕು ತಿಂಗಳಾಯಿತು. ನಲವತ್ತು ಕಡೆ ಅರ್ಜಿ ಹಾಕಿದ ಮೇಲೆ ಈಗ ಒಟ್ಟಿಗೆ ಎರಡು ಕೆಲಸ ಸಿಕ್ಕಿವೆ, ನಿದ್ದೆ ಹೋಗಿದೆ. ಮೊದಲನೆಯದು ದೊಡ್ಡ ಬ್ಯಾಂಕೊಂದರ ಆಪರೇಷನ್ಸ್ ವಿಭಾಗ, ಅಂದರೆ ಬ್ಯಾಕ್ ಆಫೀಸ್, ಅಲ್ಲಿ ಸೆಟಲ್‌ಮೆಂಟ್ ತಂಡ. ಎರಡನೆಯದು ಸಾಲ ಕೊಡುವ ಸಣ್ಣ ಕಂಪನಿ, ಅಲ್ಲಿ ಸೇಲ್ಸ್. ಮೂಲ ಸಂಬಳ ಕಡಿಮೆ, ಆದರೆ ಟಾರ್ಗೆಟ್ ಮುಟ್ಟಿದರೆ ಕಮಿಷನ್ ಸೇರಿ ಬ್ಯಾಂಕಿಗಿಂತ ಜಾಸ್ತಿ ಬರುತ್ತದೆ ಅಂತ ಅವರು ಹೇಳುತ್ತಾರೆ.

ನನ್ನ ಆಸೆ ಎರಡೂ ಅಲ್ಲ. ಕಂಪನಿಗಳ ಲೆಕ್ಕ ಓದಿ, ಇದಕ್ಕೆ ದುಡ್ಡು ಹಾಕಬಹುದು, ಇದಕ್ಕೆ ಬೇಡ ಅಂತ ಹೇಳುವ ಅನಲಿಸ್ಟ್ ಆಗಬೇಕು. ಕಾಲೇಜಿನ ಸೀನಿಯರ್ ಒಬ್ಬರು "ಬ್ಯಾಕ್ ಆಫೀಸಿಗೆ ಒಮ್ಮೆ ಕಾಲಿಟ್ಟರೆ ಮುಗೀತು, ಆಮೇಲೆ ಯಾರೂ ಮುಂದಕ್ಕೆ ಕರೆಯಲ್ಲ" ಅಂದರು. ಅಂದಿನಿಂದ ತಲೆ ಕೆಟ್ಟಿದೆ. ಎರಡನ್ನೂ ಬಿಟ್ಟು, ಹೂಡಿಕೆ ಅನಲಿಸ್ಟ್ ಆಗುವವರು ಬರೆಯುವ ಸಿಎಫ್‌ಎ ಪರೀಕ್ಷೆಗೆ ಕೂತರೆ ಹೇಗೆ ಅನ್ನುವ ಯೋಚನೆಯೂ ಇದೆ. ಒಳಗೆ ಕೆಲಸ ಮಾಡಿದವರು ಹೇಳಿ, ದಯವಿಟ್ಟು.

ಸೆಟಲ್‌ಮೆಂಟ್ ಅಕ್ಕ:
ತಮ್ಮಾ, ಐದು ವರ್ಷ ನಾನು ಅದೇ ಕೆಲಸ ಮಾಡಿದವಳು. ಆಮೇಲೆ ಟ್ರೇಡರ್ ಹೇಳಿದ ಲಾಭನಷ್ಟ ಸರಿಯಾ ಅಂತ ನೋಡುವ ಪ್ರಾಡಕ್ಟ್ ಕಂಟ್ರೋಲ್, ಈಗ ಬೆಲೆ ಏರಿಳಿತದ ಅಪಾಯ ಅಳೆಯುವ ಮಾರ್ಕೆಟ್ ರಿಸ್ಕ್. ನಿನ್ನ ಸೀನಿಯರ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ನನ್ನ ಜೊತೆ ಸೇರಿದ ಆರು ಜನರಲ್ಲಿ ಇಬ್ಬರು ಇವತ್ತೂ ಅದೇ ಸ್ಕ್ರೀನ್ ಮುಂದೆ ಕೂತಿದ್ದಾರೆ. ಅವರೇನು ದಡ್ಡರಲ್ಲ. ತಮ್ಮ ಮುಂದೆ ಬಂದ ಸಾಲು ಎಲ್ಲಿಂದ ಬಂತು, ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಒಂದು ದಿನವೂ ಕೇಳಲಿಲ್ಲ, ಅಷ್ಟೇ.

ಕೆಲಸ ಏನು ಅಂತ ನಿನಗೆ ಯಾರಾದರೂ ಹೇಳಿದರಾ? ಮುಂದೆ ಕೂತ ಟ್ರೇಡರ್ ಒಂದು ಬಾಂಡ್, ಅಂದರೆ ಸಾಲಪತ್ರ, ಕೊಳ್ಳುತ್ತಾನೆ. ಅವನ ಪಾಲಿಗೆ ಅಲ್ಲಿಗೆ ಮುಗಿಯಿತು. ನಮ್ಮ ಪಾಲಿಗೆ ಅಲ್ಲಿಂದ ಶುರು. ಎದುರಿನ ಬ್ಯಾಂಕು ಬರೆದುಕೊಂಡ ಬೆಲೆ, ಸಂಖ್ಯೆ, ತಾರೀಖು ನಮ್ಮದಕ್ಕೆ ತಾಳೆಯಾಗಬೇಕು, ಬಾಂಡ್ ನಮ್ಮ ಖಾತೆಗೆ ಬರಬೇಕು, ದುಡ್ಡು ಅವರ ಖಾತೆಗೆ ಹೋಗಬೇಕು, ಅದೂ ಒಂದೇ ಹೊತ್ತಿಗೆ. ಒಂದು ಅಂಕಿ ಆಚೀಚೆ ಆದರೂ ಅದು ಬ್ರೇಕ್. ಆ ಬ್ರೇಕ್ ಯಾಕೆ ಬಂತು ಅಂತ ಬೆನ್ನು ಹತ್ತುವುದೇ ಕೆಲಸ. ಅಮೆರಿಕದಲ್ಲಿ 2024ರ ಮೇ 28ರಿಂದ ಷೇರು ವ್ಯವಹಾರ ಮಾರನೆಯ ಕೆಲಸದ ದಿನವೇ ಮುಗಿಯಬೇಕು. ಮೊದಲು ಎರಡು ದಿನ ಸಿಗುತ್ತಿತ್ತು. ಅಂದರೆ ತಪ್ಪು ಹುಡುಕುವ ಹೊತ್ತು ಅರ್ಧವಾಯಿತು, ಹುಡುಕಬಲ್ಲವರ ಬೆಲೆ ಏರಿತು.

ಇನ್ನು "ಬರೀ ಬ್ಯಾಕ್ ಆಫೀಸ್" ಅನ್ನುವವರಿಗೆ ನಾನು ಬೇರಿಂಗ್ಸ್ ಬ್ಯಾಂಕಿನ ಕಥೆ ಹೇಳುತ್ತೇನೆ. 1762ರಲ್ಲಿ ಶುರುವಾದ ಲಂಡನ್ನಿನ ಬ್ಯಾಂಕ್. ಸಿಂಗಪುರದಲ್ಲಿ ನಿಕ್ ಲೀಸನ್ ಅನ್ನುವ ಒಬ್ಬನ ಕೈಗೇ ವ್ಯಾಪಾರ ಮಾಡುವುದನ್ನೂ, ಆ ವ್ಯಾಪಾರದ ಲೆಕ್ಕ ನೋಡುವುದನ್ನೂ ಕೊಟ್ಟಿದ್ದರು. ನಷ್ಟವನ್ನೆಲ್ಲ ಅವನು 88888 ಅನ್ನುವ ಖಾತೆಗೆ ತುರುಕುತ್ತಾ ಹೋದ. 1995ರಲ್ಲಿ ಗೊತ್ತಾಗುವ ಹೊತ್ತಿಗೆ 82.7 ಕೋಟಿ ಪೌಂಡ್ ಹೋಗಿತ್ತು, ಬ್ಯಾಂಕ್ 1 ಪೌಂಡಿಗೆ ಮಾರಾಟವಾಯಿತು. ತಾಳೆ ನೋಡುವವರು ಬೇರೆ ಇದ್ದಿದ್ದರೆ ಇಷ್ಟು ದೂರ ಹೋಗುತ್ತಿತ್ತಾ?

ಬಿಡಿಮಾತು:
ಅಕ್ಕ ಹೇಳಿದ್ದು ಸರಿ, ಆದರೆ ಬೋನಸ್ ಹಂಚುವಾಗ ಈ ಕಥೆ ಯಾರಿಗೂ ನೆನಪಿರುವುದಿಲ್ಲ.

ಸೆಟಲ್‌ಮೆಂಟ್ ಅಕ್ಕ:
ಅದೂ ನಿಜವೇ. ಬೋನಸ್ ವಿಷಯದಲ್ಲಿ ನಾನು ಯಾರಿಗೂ ಸುಳ್ಳು ಭರವಸೆ ಕೊಡುವುದಿಲ್ಲ.

ಟಾರ್ಗೆಟ್ ಕಂಡವನು:
ಎಲ್ಲರೂ ಸೇಲ್ಸ್ ಅಂದರೆ ಮೂಗು ಮುರಿಯುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮೂರು ವರ್ಷ ಸಾಲ ಮಾರಿದ್ದೇನೆ. ಸಾಲ ಕೇಳಲು ಬಂದವನ ಮುಖ ನೋಡಿ ಮಾತಾಡಿಸುವುದು, ಅವನು ಹೇಳದೆ ಬಿಟ್ಟದ್ದನ್ನು ಕೇಳಿ ತೆಗೆಯುವುದು, ಇದನ್ನು ಯಾವ ಪುಸ್ತಕವೂ ಕಲಿಸಲ್ಲ. ಮೊದಲ ಆರು ತಿಂಗಳು ನೂರು ಜನ "ಬೇಡ" ಅಂದರು. ಆಮೇಲೆ ಯಾವ ಮೀಟಿಂಗಿಗೆ ಹೋದರೂ ಭಯ ಇಲ್ಲ.

ಆದರೆ ಒಂದು ಮಾತು. ನಾನಿದ್ದ ಜಾಗದಲ್ಲಿ ತಿಂಗಳ ಕೊನೆಯ ವಾರ ಬಂದರೆ ಮ್ಯಾನೇಜರ್ ನಿಂತ ನೆಲವೂ ಬಿಸಿಯಾಗುತ್ತಿತ್ತು. ಒಂದು ಸಲ ನಿವೃತ್ತರೊಬ್ಬರು ಠೇವಣಿ ಇಡಲು ಬಂದರು. ಅವರಿಗೆ ಹತ್ತು ವರ್ಷ ಕಂತು ಕಟ್ಟಬೇಕಾದ ವಿಮೆ ಪಾಲಿಸಿ ಮಾರಿದೆ. "ಠೇವಣಿ ತರಹವೇ ಸರ್" ಅಂದೆ. ಎರಡನೇ ವರ್ಷ ಅವರು ಕಂತು ಕಟ್ಟಲಾಗದೆ ವಾಪಸ್ ಬಂದಾಗ ನಾನು ಊಟಕ್ಕೆ ಹೋಗಿದ್ದೇನೆ ಅಂತ ಹೇಳಿಸಿದೆ. ಆ ದಿನ ರಾತ್ರಿಯೇ ಬೇರೆ ಕೆಲಸ ಹುಡುಕಲು ಕೂತೆ. ಕಮಿಷನ್ ಯಾವುದಕ್ಕೆ ಕೊಡುತ್ತಾರೆ ಅಂತ ಸರಿಯಾಗಿ ಕೇಳು. ಸಾಲ ಕೊಟ್ಟ ದಿನವೇ ಪೂರ್ತಿ ಕಮಿಷನ್ ಬರುತ್ತದೆ, ಆ ಸಾಲ ಆರು ತಿಂಗಳಿಗೆ ನಿಂತುಹೋದರೂ ನಿನಗೇನೂ ಆಗಲ್ಲ ಅಂದರೆ, ಆ ಕಂಪನಿ ನಿನ್ನಿಂದ ಎಂಥ ಸಾಲ ಬಯಸುತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಹೊಸಬ:
ಥ್ಯಾಂಕ್ಸ್ ಅಣ್ಣಾ, ಅಕ್ಕಾ. ಒಂದು ದಡ್ಡ ಪ್ರಶ್ನೆ. ಫ್ರಂಟ್, ಮಿಡಲ್, ಬ್ಯಾಕ್ ಅಂತಾರಲ್ಲ, ಗೆರೆ ಎಲ್ಲಿದೆ? ಮತ್ತೆ ಇಂಟರ್ವ್ಯೂ ಮಾಡಿದವರು ವೈಸ್ ಪ್ರೆಸಿಡೆಂಟ್ ಅಂತ ಇತ್ತು, ಅಷ್ಟು ದೊಡ್ಡವರು ನನ್ನಂಥವನನ್ನು ಯಾಕೆ ನೋಡಿದರು?

ಬಿಡಿಮಾತು:
ದೊಡ್ಡವರೂ ಇಲ್ಲ, ಗಿಡ್ಡವರೂ ಇಲ್ಲ. ದೊಡ್ಡ ಬ್ಯಾಂಕುಗಳಲ್ಲಿ ಅನಲಿಸ್ಟ್, ಅಸೋಸಿಯೇಟ್, ವೈಸ್ ಪ್ರೆಸಿಡೆಂಟ್, ಡೈರೆಕ್ಟರ್, ಮ್ಯಾನೇಜಿಂಗ್ ಡೈರೆಕ್ಟರ್ ಅಂತ ಮೆಟ್ಟಿಲು. ವೈಸ್ ಪ್ರೆಸಿಡೆಂಟ್ ಅಂದರೆ ಮೂರನೇ ಮೆಟ್ಟಿಲು. ನನ್ನ ಸಾಲಿನಲ್ಲೇ ಒಂಬತ್ತು ಜನ ಇದ್ದೇವೆ, ಪ್ರಿಂಟರ್ ಕೆಟ್ಟರೆ ನೋಡುವವರು ಒಬ್ಬರೂ ಇಲ್ಲ.

ಗೆರೆ ಹೀಗೆ: ಗ್ರಾಹಕರಿಂದ ದುಡ್ಡು ತರುವವರು ಫ್ರಂಟ್. ಆ ದುಡ್ಡು ಎಷ್ಟು ಅಪಾಯದಲ್ಲಿದೆ, ಹೇಳಿದ ಲಾಭ ನಿಜಕ್ಕೂ ಇದೆಯಾ ಅಂತ ಅಳೆಯುವವರು ಮಿಡಲ್. ದುಡ್ಡು, ಕಾಗದ ಸರಿಯಾದ ಕಡೆ ಮುಟ್ಟಿಸುವವರು ಬ್ಯಾಕ್.

ಕ್ರೆಡಿಟ್ ಟೇಬಲ್:
ಹೊಸಬರಿಗೆ: ನಿಮಗೆ ಬೇಕಿರುವ ಕೆಲಸ ನಾನು ಮಾಡುತ್ತಿರುವುದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಕಂಪನಿಗಳಿಗೆ ಸಾಲ ಕೊಡಬಹುದೇ ಅಂತ ನೋಡುವ ಕ್ರೆಡಿಟ್ ಅನಲಿಸ್ಟ್ ನಾನು. ಇಂಟರ್ವ್ಯೂಗೆ ಬರುವ ಹತ್ತರಲ್ಲಿ ಎಂಟು ಪದವೀಧರರು ಲಾಭ ನೋಡುತ್ತಾರೆ, ನಗದು ನೋಡುವುದಿಲ್ಲ. ನಾನು ಕೇಳುವುದು ಒಂದೇ ಲೆಕ್ಕ.

ಒಂದು ಕಂಪನಿ ವರ್ಷಕ್ಕೆ 600 ಮಾರುತ್ತದೆ. ಎಲ್ಲ ಖರ್ಚು ಕಳೆದು 120 ನಗದು ಉಳಿಯುತ್ತದೆ. ಅಸಲು, ಬಡ್ಡಿ ಸೇರಿ ಕಟ್ಟಬೇಕಾದ ಕಂತು 100. 120ನ್ನು 100ರಿಂದ ಭಾಗಿಸಿದರೆ 1.2, ಪರವಾಗಿಲ್ಲ ಅನ್ನಿಸುತ್ತದೆ. ಈಗ ಆ ಕಂಪನಿಯ ಗ್ರಾಹಕರು 60 ದಿನಕ್ಕೆ ಕೊಡುತ್ತಿದ್ದ ದುಡ್ಡನ್ನು 90 ದಿನಕ್ಕೆ ಕೊಡತೊಡಗಿದರು. ಏನಾಗುತ್ತದೆ? ಒಂದು ತಿಂಗಳ ಮಾರಾಟ, ಅಂದರೆ 50, ಹೊರಗೆ ಸಿಕ್ಕಿಬಿತ್ತು. ಕೈಯಲ್ಲಿ 70, ಕಟ್ಟಬೇಕಾದ್ದು 100. ಲಾಭನಷ್ಟದ ಪಟ್ಟಿಯಲ್ಲಿ ಒಂದು ಪೈಸೆ ಬದಲಾಗಿಲ್ಲ, ಆದರೆ ಕಂತು ತಪ್ಪಿತು. ಇದನ್ನು ಕೇಳದೆ ತಾನೇ ಹೇಳುವ ಹುಡುಗ ಅಥವಾ ಹುಡುಗಿ ಸಿಕ್ಕಿದರೆ ಅವರು ಎಲ್ಲಿಂದ ಬಂದರು, ಯಾವ ಕಾಲೇಜು ಅಂತ ನಾನು ತಿರುಗಿಯೂ ನೋಡುವುದಿಲ್ಲ.

ಇನ್ನೊಂದು ಲೆಕ್ಕ ಬಾಯಿಪಾಠ ಇರಲಿ. ಸಾಲ ಮುಳುಗುವ ಸಾಧ್ಯತೆ, ಮುಳುಗಿದರೆ ಎಷ್ಟು ಪಾಲು ವಾಪಸ್ ಬರಲ್ಲ, ಆ ಹೊತ್ತಿಗೆ ಎಷ್ಟು ಬಾಕಿ ಇರುತ್ತದೆ, ಮೂರನ್ನೂ ಗುಣಿಸಬೇಕು. 1000 ಬಾಕಿ, ಮುಳುಗುವ ಸಾಧ್ಯತೆ 2 ಶೇಕಡಾ, ಮುಳುಗಿದರೆ 45 ಶೇಕಡಾ ಹೋಗುತ್ತದೆ ಅಂದರೆ ನಿರೀಕ್ಷಿತ ನಷ್ಟ 9. ಬಡ್ಡಿಯಲ್ಲಿ ಈ 9 ಸೇರಿಲ್ಲದಿದ್ದರೆ ಬ್ಯಾಂಕು ಸಾಲ ಕೊಡುತ್ತಿಲ್ಲ, ದಾನ ಮಾಡುತ್ತಿದೆ.

ಟಾರ್ಗೆಟ್ ಕಂಡವನು:
ಆ 90 ದಿನದ ವಿಷಯ ಸೇಲ್ಸ್‌ನವನಿಗೆ ನಿಮಗಿಂತ ಮೊದಲು ಗೊತ್ತಾಗುತ್ತದೆ ಸರ್. ಅಂಗಳದಲ್ಲಿ ನಿಂತು ನೋಡಿದರೆ ಸಾಕು, ಗೋಡೌನಿನಲ್ಲಿ ಮಾಲು ಹಾಗೇ ಬಿದ್ದಿರುತ್ತದೆ.

ಕ್ರೆಡಿಟ್ ಟೇಬಲ್:
ಒಪ್ಪಿದೆ. ಗೊತ್ತಾದದ್ದನ್ನು ನಮಗೆ ಹೇಳುವ ಸೇಲ್ಸ್‌ನವರು ಸಿಗುವುದು ಕಷ್ಟ, ಅಷ್ಟೇ.

ಹೊಸಬ:
ಬ್ಯಾಂಕಿನ ಲೆಕ್ಕವನ್ನೂ ಹೀಗೇ ಓದಬಹುದಾ ಸರ್? ನಾನು ಒಂದು ಬ್ಯಾಂಕಿನ ವಾರ್ಷಿಕ ವರದಿ ತೆರೆದೆ, ಸುಮಾರು 300 ಪುಟ. ಎಲ್ಲಿ ಶುರು ಮಾಡಬೇಕು ಗೊತ್ತಾಗದೆ ಮುಚ್ಚಿಟ್ಟೆ.

ಕ್ರೆಡಿಟ್ ಟೇಬಲ್:
ಫೋಟೋ ಇರುವ ಪುಟಗಳನ್ನೆಲ್ಲ ದಾಟಿ. ಮೂರೇ ಪ್ರಶ್ನೆ ಇಟ್ಟುಕೊಳ್ಳಿ. ದುಡ್ಡು ಯಾರು ಕೊಟ್ಟಿದ್ದಾರೆ, ಅವರು ಯಾವಾಗ ವಾಪಸ್ ಕೇಳಬಹುದು? ಆ ದುಡ್ಡು ಎಲ್ಲಿ ಹೂಡಿದೆ, ಅದು ಯಾವಾಗ ವಾಪಸ್ ಬರುತ್ತದೆ? ನಡುವೆ ನಷ್ಟ ಬಂದರೆ ತಡೆದುಕೊಳ್ಳಲು ಬ್ಯಾಂಕಿನ ಸ್ವಂತ ಬಂಡವಾಳ ಎಷ್ಟಿದೆ?

ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕನ್ನು ಈ ಮೂರು ಪ್ರಶ್ನೆ ಇಟ್ಟು ನೋಡಿ. ಠೇವಣಿ ಹೆಚ್ಚಿನದು ಸ್ಟಾರ್ಟಪ್ ಕಂಪನಿಗಳದ್ದು, ಬ್ಯಾಂಕು ಮುಳುಗಿದರೆ ವಾಪಸ್ ಸಿಗುವ ವಿಮೆಯ ಮಿತಿಗಿಂತ ಎಷ್ಟೋ ಜಾಸ್ತಿ, ಯಾವಾಗ ಬೇಕಾದರೂ ತೆಗೆಯಬಹುದು. ಆ ದುಡ್ಡಿನ ದೊಡ್ಡ ಪಾಲು ದೀರ್ಘಾವಧಿ ಬಾಂಡ್‌ಗಳಲ್ಲಿತ್ತು. ಬಾಂಡ್ ಒಳ್ಳೆಯವೇ, ಸರ್ಕಾರದ್ದು ಇಲ್ಲವೇ ಸರ್ಕಾರದ ಬೆಂಬಲ ಇರುವ ಸಂಸ್ಥೆಗಳದ್ದೇ ಜಾಸ್ತಿ. ಆದರೆ 2022ರಲ್ಲಿ ಬಡ್ಡಿದರ ಏರಿದಾಗ, ಕಡಿಮೆ ಬಡ್ಡಿಯ ಆ ಹಳೆಯ ಬಾಂಡ್‌ಗಳ ಬೆಲೆ ಇಳಿಯಿತು. 2023ರ ಮಾರ್ಚ್ 8ರಂದು ನಷ್ಟದಲ್ಲಿ ಬಾಂಡ್ ಮಾರಿದ್ದೇವೆ ಅಂತ ಬ್ಯಾಂಕು ಹೇಳಿತು. 9ರಂದು ಒಂದೇ ದಿನ ಗ್ರಾಹಕರು 4,200 ಕೋಟಿ ಡಾಲರ್ ಹಿಂತೆಗೆಯಲು ಮುಂದಾದರು. 10ರಂದು ಬ್ಯಾಂಕ್ ಮುಚ್ಚಿತು. ಸಾಲ ಮುಳುಗಿ ಮುಚ್ಚಿದ್ದಲ್ಲ ನೋಡಿ, ತಾರೀಖು ಹೊಂದದೆ ಮುಚ್ಚಿದ್ದು.

ಒಂದು ಬ್ಯಾಂಕಿನ ಬಗ್ಗೆ ಈ ಮೂರು ಪ್ರಶ್ನೆಗೆ ಎರಡು ಪುಟದಲ್ಲಿ ಉತ್ತರ ಬರೆದು ಇಂಟರ್ವ್ಯೂಗೆ ಹಿಡಿದುಕೊಂಡು ಹೋಗಿ. ತಪ್ಪಿದ್ದರೂ ಪರವಾಗಿಲ್ಲ. ತಪ್ಪಿನ ಮೇಲೆ ಮಾತು ಬೆಳೆಯುತ್ತದೆ, ಸುಮ್ನೆ "ನಾನು ಕಷ್ಟಪಟ್ಟು ದುಡಿಯುತ್ತೇನೆ" ಅಂದರೆ ಏನು ಬೆಳೆಯುತ್ತದೆ?

ಮೂರನೇ ಹಂತ:
ಸಿಎಫ್‌ಎ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮೂರು ಹಂತ. ಮೊದಲನೆಯದರಲ್ಲಿ 180 ಪ್ರಶ್ನೆ, ನಾಲ್ಕೂವರೆ ಗಂಟೆ. ಮೂರೂ ಪಾಸಾದರೂ ಹೆಸರಿನ ಮುಂದೆ ಹಾಕಿಕೊಳ್ಳುವಂತಿಲ್ಲ. ಸಂಬಂಧಪಟ್ಟ ಕೆಲಸದಲ್ಲಿ ಕನಿಷ್ಠ 36 ತಿಂಗಳಲ್ಲಿ 4,000 ಗಂಟೆ ಆಗಿರಬೇಕು. ಅಂದರೆ ಕೆಲಸ ಬಿಟ್ಟು ಓದಲು ಕೂರುವುದರಲ್ಲಿ ಅರ್ಥವೇ ಇಲ್ಲ, ಹೇಗಿದ್ದರೂ ಕೆಲಸ ಬೇಕೇ ಬೇಕು. ನಾನು ಮೊದಲ ಎರಡು ಹಂತ ಒಂದೇ ಏಟಿಗೆ ಪಾಸು, ಮೂರನೆಯದರಲ್ಲಿ ಎರಡು ಸಲ ಬಿದ್ದೆ. ಬೆಳಗ್ಗೆ ಐದಕ್ಕೆ ಎದ್ದು ಓದಿ ಆಫೀಸಿಗೆ ಹೋದ ಆ ಮೂರು ವರ್ಷ ನೆನೆದರೆ ಈಗಲೂ ಆಕಳಿಕೆ ಬರುತ್ತದೆ.

ರಿಸ್ಕ್ ಕಡೆ ಮನಸ್ಸಿದ್ದರೆ ಎಫ್‌ಆರ್‌ಎಂ ಅನ್ನುವ ಪರೀಕ್ಷೆ ಇದೆ, ಎರಡೇ ಭಾಗ, ಜೊತೆಗೆ ಎರಡು ವರ್ಷ ಕೆಲಸದ ಅನುಭವ. ಅದರಲ್ಲಿ ಗಣಿತ ಜಾಸ್ತಿ.

ಕ್ರೆಡಿಟ್ ಟೇಬಲ್:
ನನ್ನ ಕೇಳಿದರೆ ಮೊದಲ ವರ್ಷ ಯಾವ ಪರೀಕ್ಷೆಯೂ ಬೇಡ. ಕೆಲಸ ಕಲಿಯಲಿ. ಸರ್ಟಿಫಿಕೇಟು ಮೂರಿದ್ದು ನಗದಿಗೂ ಲಾಭಕ್ಕೂ ವ್ಯತ್ಯಾಸ ಹೇಳಲಾಗದವರನ್ನು ನಾನು ನೋಡಿದ್ದೇನೆ.

ಮೂರನೇ ಹಂತ:
ಸರ್, ನೀವು ಕೂತಿರುವ ಜಾಗದಿಂದ ಹಾಗೆ ಹೇಳುವುದು ಸುಲಭ. ನಾನು ಓದಿದ್ದು ಯಾರೂ ಹೆಸರು ಕೇಳದ ಕಾಲೇಜು. ಮೊದಲ ಹಂತ ಪಾಸಾಗುವವರೆಗೆ ನನ್ನ ಅರ್ಜಿಗೆ ಒಂದು ಉತ್ತರವೂ ಬರಲಿಲ್ಲ. ಪಾಸಾದ ಮೇಲೆ ಐದು ಕಡೆಯಿಂದ ಕರೆ ಬಂತು. ಒಳಗೆ ಹೋದ ಮೇಲೆ ಅದರಿಂದ ಜಾಸ್ತಿ ಉಪಯೋಗ ಆಗಲಿಲ್ಲ, ನಿಜ. ಆದರೆ ಬಾಗಿಲಾದರೂ ತೆರೆಯಿತು.

ಕ್ರೆಡಿಟ್ ಟೇಬಲ್:
ಸರಿ, ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಬಾಗಿಲ ಹೊರಗೆ ನಿಂತವರಿಗೆ ಬೇಕು ಅಂತ ತಿದ್ದಿಕೊಳ್ಳುತ್ತೇನೆ. ಹೊಸಬರ ಕೈಯಲ್ಲಿ ಈಗ ಒಂದಲ್ಲ, ಎರಡು ಬಾಗಿಲು ಇವೆ.

ರಾತ್ರಿ ಅಲರ್ಟ್:
ಬ್ಯಾಂಕು ನಿಯಮ ಪಾಲಿಸುತ್ತಿದೆಯಾ ಅಂತ ನೋಡುವ ಕಂಪ್ಲಯನ್ಸ್ ಅಂತ ಒಂದು ಇದೆ ಅನ್ನುವುದನ್ನೇ ಎಲ್ಲರೂ ಮರೆತಿರಿ. ನಾನು ಕಪ್ಪುಹಣ ತಡೆ ವಿಭಾಗದಲ್ಲಿದ್ದೇನೆ. 1989ರಲ್ಲಿ ಇದಕ್ಕಾಗಿ ದೇಶಗಳು ಸೇರಿ ಕಟ್ಟಿದ ಎಫ್‌ಎಟಿಎಫ್ ಅನ್ನುವ ಸಂಸ್ಥೆ ಶುರುವಾದ ಮೇಲೆ ದೇಶದೇಶಗಳಲ್ಲಿ ಬ್ಯಾಂಕುಗಳು ಗ್ರಾಹಕ ಯಾರು, ದುಡ್ಡು ಎಲ್ಲಿಂದ ಬಂತು ಅಂತ ಕೇಳಲೇಬೇಕಾಯಿತು, ಹಾಗಾಗಿ ಪದವೀಧರರಿಗೆ ಇಲ್ಲಿ ಕೆಲಸವೂ ಬೇಕಾದಷ್ಟಿದೆ. ಸಿಸ್ಟಮ್ ದಿನವಿಡೀ ಅಲರ್ಟ್ ಎಸೆಯುತ್ತದೆ, ಹೆಚ್ಚಿನವು ಏನೂ ಅಲ್ಲ. ಯಾರೋ ಮನೆ ಮಾರಿದ್ದು, ಯಾರೋ ಅಪ್ಪನಿಗೆ ದುಡ್ಡು ಕಳಿಸಿದ್ದು. ನಡುವೆ ಒಂದು ಇರುತ್ತದೆ, ಓದುವಾಗಲೇ ಬೆನ್ನು ನೆಟ್ಟಗಾಗುತ್ತದೆ.

ಇಲ್ಲಿ ಮುಂದೆ ಬರುವವರು ಯಾರು ಗೊತ್ತಾ? ಚೆನ್ನಾಗಿ ಬರೆಯುವವರು. ಏನು ಅನುಮಾನ, ಯಾಕೆ ಅಂತ ಒಂದು ಪುಟದಲ್ಲಿ, ಓದಿದವರಿಗೆ ಎರಡನೇ ಸಲ ಓದುವ ಅಗತ್ಯ ಬರದ ಹಾಗೆ ಬರೆಯಬೇಕು. ಕಾಮರ್ಸ್‌ನವರಿಗೆ ಯಾರೂ ಇದನ್ನು ಕಲಿಸಿರುವುದಿಲ್ಲ.

ಸ್ಕ್ರಿಪ್ಟ್ ಬರೆಯುವವ:
ಮೂಡು ಹಾಳು ಮಾಡಲು ಬಂದಿದ್ದೇನೆ. ಇನ್ನು ಕೆಲವು ವರ್ಷದಲ್ಲಿ ಈ ಸೆಟಲ್‌ಮೆಂಟ್, ಅಲರ್ಟ್ ಎಲ್ಲ ಯಂತ್ರವೇ ಮಾಡುತ್ತದೆ. ನಾನೇ ನಾಲ್ಕು ಜನ ದಿನವಿಡೀ ಮಾಡುತ್ತಿದ್ದ ತಾಳೆ ಕೆಲಸವನ್ನು ಎರಡು ವಾರದಲ್ಲಿ ಸ್ಕ್ರಿಪ್ಟ್, ಅಂದರೆ ಚಿಕ್ಕ ಪ್ರೋಗ್ರಾಂ, ಮಾಡಿದೆ. ಹೊಸಬರಿಗೆ ಯಾಕೆ ಆ ಕಡೆ ತಳ್ಳುತ್ತೀರಿ?

ಸೆಟಲ್‌ಮೆಂಟ್ ಅಕ್ಕ:
ಆ ನಾಲ್ಕು ಜನ ಈಗ ಏನು ಮಾಡುತ್ತಿದ್ದಾರೆ?

ಸ್ಕ್ರಿಪ್ಟ್ ಬರೆಯುವವ:
ಇಬ್ಬರನ್ನು ಬೇರೆ ತಂಡಕ್ಕೆ ಹಾಕಿದರು. ಇಬ್ಬರು ಸ್ಕ್ರಿಪ್ಟ್ ಹೊಂದಿಸಲಾಗದೆ ಬಿಟ್ಟದ್ದನ್ನು ನೋಡುತ್ತಾರೆ.

ಸೆಟಲ್‌ಮೆಂಟ್ ಅಕ್ಕ:
ಅಲ್ವಾ. ಹೊಂದಿದ್ದನ್ನು ಯಂತ್ರ ನೋಡಲಿ, ಅದಕ್ಕೆ ಅಳುವವರು ಯಾರು? ಹೊಂದದ್ದು ಮನುಷ್ಯರ ಪಾಲಿಗೆ ಬರುತ್ತದೆ, ಕಲಿಯುವುದೂ ಅಲ್ಲಿಯೇ. ನೀವು ಆ ಸ್ಕ್ರಿಪ್ಟ್ ಬರೆಯುವಾಗ ನಿಯಮ ಯಾರ ಹತ್ತಿರ ಕೇಳಿದಿರಿ, ಆ ನಾಲ್ಕು ಜನರ ಹತ್ತಿರ ತಾನೇ? ಆದರೆ ಒಂದು ಮಾತು ಒಪ್ಪುತ್ತೇನೆ. ಹೊಸಬ, ಎಕ್ಸೆಲ್ ಸರಿಯಾಗಿ ಕಲಿ, ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್ ಕಲಿ. ನಿನ್ನ ಕೆಲಸ ಯಂತ್ರಕ್ಕೆ ಹೋಗುವುದಿದ್ದರೆ, ಕಳಿಸುವವನು ನೀನೇ ಆಗಿರು. ನನ್ನನ್ನು ಪ್ರಾಡಕ್ಟ್ ಕಂಟ್ರೋಲಿಗೆ ಕರೆದದ್ದು ಅದಕ್ಕೇ.

ಸ್ಕ್ರಿಪ್ಟ್ ಬರೆಯುವವ:
ಸೋತೆ. ಆದರೂ ತಂಡಗಳು ಚಿಕ್ಕದಾಗುತ್ತಿವೆ ಅನ್ನುವ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಹಳೇ ಕೌಂಟರ್:
ನಿವೃತ್ತನಾಗಿ ಏಳು ವರ್ಷ. ಸುಮ್ನೆ ಓದಿಕೊಂಡಿದ್ದೆ, ಸೆಟಲ್‌ಮೆಂಟ್ ಅಂದ ಕೂಡಲೆ ಕೈ ತಡೆಯಲಿಲ್ಲ. 1974ರ ಜೂನ್ 26ರಂದು ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕನ್ನು ಅಲ್ಲಿನ ಅಧಿಕಾರಿಗಳು ಮುಚ್ಚಿಸಿದರು. ಅಷ್ಟು ಹೊತ್ತಿಗೆ ಡಾಲರ್ ಕೊಳ್ಳಲು ಎದುರಿನ ಬ್ಯಾಂಕುಗಳು ಅವರಿಗೆ ಮಾರ್ಕ್, ಅಂದರೆ ಆಗಿನ ಜರ್ಮನ್ ಹಣ, ಕೊಟ್ಟಾಗಿತ್ತು. ನ್ಯೂಯಾರ್ಕಿನಲ್ಲಿ ಇನ್ನೂ ಬೆಳಗು, ಬರಬೇಕಿದ್ದ ಡಾಲರ್ ಬರಲೇ ಇಲ್ಲ. ಬ್ಯಾಂಕುಗಳಿಗೆ ಎಷ್ಟು ಬಂಡವಾಳ ಇರಬೇಕು ಅಂತ ಇವತ್ತು ಹೇಳುವ ಬಾಸೆಲ್ ಸಮಿತಿ ಹುಟ್ಟಿದ್ದು ಆ ವರ್ಷದ ಕೊನೆಗೆ. ಕೊಡುವುದು, ತೆಗೆದುಕೊಳ್ಳುವುದು ಎರಡೂ ಒಟ್ಟಿಗೆ ಆಗುವಂತೆ ಕರೆನ್ಸಿಗಳಿಗೆ ಸಿಎಲ್‌ಎಸ್ ವ್ಯವಸ್ಥೆ ಬಂದದ್ದು 2002ರಲ್ಲಿ. ಲೆಕ್ಕ ಹಾಕಿ, 28 ವರ್ಷ.

ಮಗೂ, ನಿನಗೆ ಎರಡು ಹಳೆಯ ಉಪಾಯ ಕೊಡುತ್ತೇನೆ. ಎರಡು ಪುಸ್ತಕ ತಾಳೆಯಾಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡು. ಶೇಷ ಇಲ್ಲದೆ ಭಾಗವಾದರೆ ಯಾರೋ ಅಂಕಿ ಅದಲುಬದಲು ಬರೆದಿರಬಹುದು, 45ಕ್ಕೆ 54 ಅಂತ. ಆಗದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ ಆ ಮೊತ್ತದ ನಮೂದು ಹುಡುಕು. ಜಮಾ ಆಗಬೇಕಿದ್ದು ಖರ್ಚಿನ ಕಡೆ ಬಿದ್ದರೆ ವ್ಯತ್ಯಾಸ ಎರಡರಷ್ಟು ತೋರಿಸುತ್ತದೆ.

ಬಿಡಿಮಾತು:
ಇದನ್ನು ನನಗೆ ಹದಿನೈದು ವರ್ಷದ ಹಿಂದೆ ಯಾರಾದರೂ ಹೇಳಬಾರದಿತ್ತಾ.

ಹೊಸಬ:
ಎಲ್ಲರೂ ಹೇಳಿದ್ದನ್ನು ಮೂರು ಸಲ ಓದಿದೆ. ಸೇಲ್ಸ್ ಕಂಪನಿಗೆ ಫೋನ್ ಮಾಡಿ, ಸಾಲ ನಿಂತುಹೋದರೆ ಕಮಿಷನ್ ಏನಾಗುತ್ತದೆ ಅಂತ ಕೇಳಿದೆ. "ಅದು ನಿಮ್ಮ ತಲೆನೋವಲ್ಲ ಬಿಡಿ, ವಸೂಲಿ ತಂಡ ಇದೆ" ಅಂದರು. ಬ್ಯಾಂಕಿನವರಿಗೂ ಬರೆದು, ಕಳೆದ ಎರಡು ವರ್ಷದಲ್ಲಿ ಈ ತಂಡದಿಂದ ಎಷ್ಟು ಜನ ಎಲ್ಲಿಗೆ ಹೋಗಿದ್ದಾರೆ ಅಂತ ಕೇಳಿದೆ. ಮ್ಯಾನೇಜರ್ ಖುದ್ದು ಫೋನ್ ಮಾಡಿದರು. ಒಬ್ಬರು ಪ್ರಾಡಕ್ಟ್ ಕಂಟ್ರೋಲ್, ಒಬ್ಬರು ಕ್ರೆಡಿಟ್, ಮೂವರು ರಾಜೀನಾಮೆ. ರಾಜೀನಾಮೆಯನ್ನೂ ಮುಚ್ಚಿಡದೆ ಹೇಳಿದರಲ್ಲ ಅಂತ ಸೇರಲು ಒಪ್ಪಿಕೊಂಡೆ. ಸೇರಿದ ಮೊದಲ ದಿನ ಏನು ಮಾಡಲಿ ಅಕ್ಕಾ?

ಸೆಟಲ್‌ಮೆಂಟ್ ಅಕ್ಕ:
ಮೊದಲ ದಿನ ಲಾಗಿನ್ ಸಿಗುವುದಿಲ್ಲ, ಕಾಫಿ ಕುಡಿ. ಲಾಗಿನ್ ಸಿಕ್ಕಿದ ಮೇಲೆ ತಂಡದ ಬ್ರೇಕ್ ಪಟ್ಟಿ ಕೇಳು, ಹಳೆಯದು ಮೇಲೆ ಬರುವಂತೆ ಜೋಡಿಸು. ಎಲ್ಲರೂ ಕೈಬಿಟ್ಟದ್ದು ಒಂದು ಇದ್ದೇ ಇರುತ್ತದೆ. ಅದನ್ನು ಹಿಡಿ. ಅದರ ಬೆನ್ನು ಹತ್ತಿದರೆ ನಾಲ್ಕು ವಿಭಾಗದವರ ಪರಿಚಯ ತಾನಾಗಿ ಆಗುತ್ತದೆ.

ಹೊಸಬ:
ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಪಟ್ಟಿಯ ಮೇಲಿದ್ದದ್ದು 140 ದಿನ ಹಳೆಯದು, ಮೊತ್ತ ಚಿಕ್ಕದು ಅಂತ ಯಾರೂ ಮುಟ್ಟಿರಲಿಲ್ಲ. ನಮ್ಮ ಕಡೆ 5,643, ಅವರ ಕಡೆ 5,463. ವ್ಯತ್ಯಾಸ 180. ಹಳೇ ಕೌಂಟರ್ ಸರ್, 9ರಿಂದ ಭಾಗಿಸಿದೆ, 20 ಬಂತು. ಕೂತಲ್ಲೇ ಜೋರಾಗಿ ನಕ್ಕುಬಿಟ್ಟೆ, ಪಕ್ಕದವರು ಹೆಡ್‌ಫೋನ್ ತೆಗೆದು ನೋಡಿದರು. ಬಡ್ಡಿ ಲೆಕ್ಕವನ್ನು ಕೈಯಲ್ಲಿ ಟೈಪ್ ಮಾಡಿದವರು ಬೇರೆ ಮಹಡಿಯಲ್ಲಿದ್ದರು. ಹುಡುಕಿಕೊಂಡು ಹೋಗಿ ಮಾತಾಡಿಸಿದೆ, ಅವರ ಪಕ್ಕದ ಸಾಲು ಕ್ರೆಡಿಟ್ ತಂಡದ್ದು, ಈಗ ಅವರಲ್ಲಿ ಇಬ್ಬರ ಪರಿಚಯ ಇದೆ.

ಈಗ ಎರಡನೆಯದು ಹಿಡಿದಿದ್ದೇನೆ. ವ್ಯತ್ಯಾಸ 1,250, ಅದು 9ರಿಂದ ಭಾಗವಾಗುತ್ತಿಲ್ಲ. ಅರ್ಧ ಮಾಡಿ 625 ಹುಡುಕಿದೆ.

ಹಳೇ ಕೌಂಟರ್:
ಸಿಕ್ಕಿತಾ?

ಹೊಸಬ:
ಮೂರು ಸಿಕ್ಕಿವೆ ಸರ್.